ಟರ್ಕಿ ಕೈಮಾ, ಒಂದೇ ಬಾಣಲೆಯಲ್ಲಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿನ ಮಾಮೂಲಿ ಅಂಗಡಿಯಲ್ಲಿ ಮಟನ್ ಕೈಮಾ ಸಿಗುವುದು ಅಪರೂಪ. ಹಲಾಲ್ ಅಂಗಡಿ ಹುಡುಕಬೇಕು. ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಆರೂವರೆ, ಆಮೇಲೆ ಎಲ್ಲಿಗೆ ಹೋಗುವುದು? ದನ, ಹಂದಿ ತಿನ್ನದವರಿಗೆ ಅಂಥ ದಿನ ಕೈಹಿಡಿಯುವುದು ಗ್ರೌಂಡ್ ಟರ್ಕಿ, ಅಂದರೆ ಟರ್ಕಿ ಕೋಳಿಯ ಕೈಮಾ. ಅರ್ಧ ಗಂಟೆಯೊಳಗೆ ಊಟ ರೆಡಿ, ತೊಳೆಯೋಕೆ ಒಂದೇ ಪಾತ್ರೆ.

ಪ್ಯಾಕೆಟ್ ಮೇಲಿನ ಅಂಕಿ ನೋಡಿ ತನ್ನಿ. 93/7 ಅಂದರೆ ನೂರಕ್ಕೆ ಏಳು ಭಾಗ ಕೊಬ್ಬು. ಆರೋಗ್ಯಕ್ಕೆ ಒಳ್ಳೆಯದು ಅಂತ 99 ಎಂದಿರುವುದನ್ನು ತರಬೇಡಿ. ಅದು ಬರೀ ಎದೆಮಾಂಸ, ಬೆಂದ ಮೇಲೆ ಬಾಯಲ್ಲಿ ಒಣ ರವೆಯ ಹಾಗೆ ಉದುರುತ್ತದೆ. ತಂದದ್ದನ್ನು ಫ್ರಿಜ್‌ನಲ್ಲಿಟ್ಟು ಒಂದೆರಡು ದಿನದೊಳಗೆ ಮಾಡಿ, ಇಲ್ಲವೇ ಫ್ರೀಜರ್‌ಗೆ ಹಾಕಿ. ಗಟ್ಟಿಯಾದದ್ದನ್ನು ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿಡಿ. ಊರಿನ ಅಭ್ಯಾಸದಂತೆ ತೊಳೆಯಲೂ ಹೋಗಬೇಡಿ, ಸಿಂಕ್ ತುಂಬ ರೋಗಾಣು ಹರಡುತ್ತದೆ ಅಷ್ಟೆ.

ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಮಾಂಸಕ್ಕೆ ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಒಂದು ಬೊಗಸೆ ಅಣಬೆ, ಎರಡು ಹಿಡಿ ಪಾಲಕ್. ಅರ್ಧ ಕಪ್ ಹೆವಿ ಕ್ರೀಮ್, ಅಂದರೆ ಗಟ್ಟಿ ಕೆನೆ. ಹೆಚ್ಚಲು ಬೇಜಾರಾದರೆ ಫ್ರೋಜನ್ ಬಟಾಣಿ, ಕ್ಯಾರೆಟ್ ಹಾಕಿ, ಯಾರೂ ಬೈಯುವುದಿಲ್ಲ.

ಅಗಲವಾದ ಬಾಣಲೆ ಚೆನ್ನಾಗಿ ಕಾಯಲಿ. ಎರಡು ಚಮಚ ಎಣ್ಣೆ ಬಿಟ್ಟು ಮಾಂಸವನ್ನು ರೊಟ್ಟಿಯ ಹಾಗೆ ಒತ್ತಿ ಹರಡಿ. ಈಗ ಕೈ ಕಟ್ಟಿ ನಿಲ್ಲಿ! ನಾವೆಲ್ಲ ತಪ್ಪುವುದು ಇಲ್ಲೇ. ಕೈಮಾ ಅಂದ ತಕ್ಷಣ ಸೌಟು ಆಡಿಸುತ್ತಲೇ ಇರುತ್ತೇವೆ. ಟರ್ಕಿ ನೀರು ಬಿಟ್ಟುಕೊಂಡು ಬೆಳ್ಳಗೆ ಬೇಯುತ್ತದೆ, ಆಸ್ಪತ್ರೆ ಊಟದ ರುಚಿ. ಮೂರು ನಾಲ್ಕು ನಿಮಿಷ ಸುಮ್ನೆ ಬಿಟ್ಟರೆ ಅಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಚಟಪಟ ಸದ್ದು, ಹುರಿದ ವಾಸನೆ ಬಂದ ಮೇಲೆ ಮಗುಚಿ, ಮರದ ಸೌಟಿನಿಂದ ಪುಡಿ ಮಾಡಿ. ಮುಚ್ಚಳ ಮಾತ್ರ ಹಾಕಬೇಡಿ.

ಈರುಳ್ಳಿ, ಅಣಬೆ, ದೊಣ್ಣೆ ಮೆಣಸಿನಕಾಯಿ, ಕೊನೆಗೆ ಬೆಳ್ಳುಳ್ಳಿ. ಉಪ್ಪು, ಜೀರಿಗೆ ಪುಡಿ, ಕಾಳುಮೆಣಸಿನ ಪುಡಿ ಸ್ವಲ್ಪ ಜಾಸ್ತಿಯೇ ಇರಲಿ, ಟರ್ಕಿಗೆ ತನ್ನದೇ ರುಚಿ ಕಡಿಮೆ. ಗರಂ ಮಸಾಲೆ ಬೇಡ ಅಂತ ನನ್ನ ಅಭಿಪ್ರಾಯ, ಕೆನೆಯ ಜೊತೆ ಜಗಳ ಆಡುತ್ತದೆ. ತರಕಾರಿ ಮೆತ್ತಗಾದ ಮೇಲೆ ಕಾಲು ಕಪ್ ನೀರು ಹಾಕಿ ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಬೆರೆಸಿ. ರುಚಿಯೆಲ್ಲ ಆ ಕಂದು ಕಲೆಯಲ್ಲೇ ಇರುವುದು. ಮಾಂಸದ ಬಣ್ಣ ನೋಡಿ ಬೆಂದಿದೆ ಅಂದುಕೊಳ್ಳಬೇಡಿ, ಬೆಂದ ಟರ್ಕಿಯೂ ಕೆಲವು ಸಲ ನಸುಗೆಂಪಾಗೇ ಉಳಿಯುತ್ತದೆ. ಅಡುಗೆಯ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು.

ಇನ್ನು ಕೆನೆ. ಊರಲ್ಲಿ ಗ್ಯಾಸ್ ತಿರುವಿದರೆ ಉರಿ ತಕ್ಷಣ ಇಳಿಯುತ್ತದೆ, ಅಲ್ವಾ? ಅಪಾರ್ಟ್‌ಮೆಂಟಿನ ಕರೆಂಟ್ ಒಲೆ ಹಾಗಲ್ಲ. ಗುಂಡಿ ತಿರುಗಿಸಿದ ಮೇಲೂ ಸುರುಳಿ ಕಾದೇ ಇರುತ್ತದೆ. ಮೊದಲ ವರ್ಷ ಮನೆಗೆ ನೆಂಟರು ಬಂದಿದ್ದಾಗ ನಾನು ಕೆನೆ ಬೇಡವೆಂದು ತೆಳು ಹಾಲು ಸುರಿದೆ, ಮೇಲೆ ಟೊಮೇಟೊ ಬೇರೆ ಹಾಕಿದ್ದೆ. ಕಣ್ಣ ಮುಂದೆಯೇ ಒಡೆದು ಪನೀರ್ ಆಯಿತು. ನೆಂಟರು ಪಾಪ, ಚೆನ್ನಾಗಿದೆ ಅಂದರು. ಈಗ ಬಾಣಲೆಯನ್ನು ಪಕ್ಕದ ತಣ್ಣನೆ ಒಲೆಗೆ ಸರಿಸುತ್ತೇನೆ, ಒಂದು ನಿಮಿಷ ಬಿಟ್ಟು ಕ್ರೀಮ್ ಹಾಕಿ ಕಲೆಸುತ್ತೇನೆ. ಆಮೇಲೆ ಪಾಲಕ್ ಸೇರಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ. ನಿಂಬೆಹುಳಿ ಬೇಕಾದರೆ ತಟ್ಟೆಗೆ ಬಡಿಸಿದ ಮೇಲೆ.

ಮಾಂಸ ಹುರಿಯುವ ಮುಂಚೆಯೇ ಕಿಟಕಿ ತೆಗೆದಿಡಿ. ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಆಚೆ ಕಳಿಸುವುದಿಲ್ಲ, ಅಡುಗೆಮನೆಗೇ ವಾಪಸ್ ಊದುತ್ತದೆ. ಹೊಗೆ ಅಲಾರಂ ಕಿರುಚಿದರೆ ಟವಲ್ ಬೀಸಿ, ಬ್ಯಾಟರಿ ಕೀಳಬೇಡಿ.

ಬಿಸಿ ಅನ್ನಕ್ಕೂ ಸರಿ, ಚಪಾತಿಗೂ ಸರಿ. ಮಿಕ್ಕದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನ ಬರುತ್ತದೆ. ನಮ್ಮ ಮನೆಯಲ್ಲಿ ಮಾರನೇ ದಿನ ಚಪಾತಿಯಲ್ಲಿ ಸುತ್ತಿ ಡಬ್ಬಿಗೆ ಹೋಗುತ್ತದೆ.