ಬೇಲಿ ಗಂಟು ಬೇಲರ್‌ಗೆ ಆಗಲ್ಲ: ಹುಲ್ಲು ಕಟ್ಟುವ ತಂತಿ ಸೇರಿಸುವಾಗ ನನ್ನ ಅನುಭವ

ಕೊಡಗಿನಲ್ಲಿ ತಂತಿ ಸೇರಿಸಲು ಬಾರದವರು ಕಡಿಮೆ. ತೋಟದ ಸುತ್ತ ಬೇಲಿ, ಆನೆ ಬರುವ ಕಡೆ ಸೋಲಾರ್ ಬೇಲಿ, ವರ್ಷಪೂರ್ತಿ ಕೈಯಲ್ಲಿ ಕಟಿಂಗ್ ಪ್ಲೇಯರ್ ಇದ್ದೇ ಇರುತ್ತೆ. ಕೊಂಬೆ ಬಿದ್ದು ತಂತಿ ತುಂಡಾದರೆ ಎರಡು ತುದಿಗೂ ಕೊಕ್ಕೆ ಮಾಡಿ, ಒಂದಕ್ಕೊಂದು ಸಿಕ್ಕಿಸಿ, ಉಳಿದದ್ದನ್ನು ಸುತ್ತಿಬಿಟ್ಟರೆ ಮುಗೀತು. ಗಟ್ಟಿಯೂ ಹೌದು. ಆದರೆ ಹುಲ್ಲನ್ನು ಒತ್ತಿ ಪೆಂಡಿ ಕಟ್ಟುವ ಯಂತ್ರ, ಅಂದರೆ ಬೇಲರ್‌ಗೆ ಅದೇ ಗಂಟು ಹಾಕಿದರೆ ನಡೆಯಲ್ಲ. ಬೇಲಿಯ ಗಂಟು ಹಾಕಿದ ಜಾಗದಲ್ಲೇ ಇರುತ್ತೆ, ಬೇಲರ್‌ನ ಗಂಟು ಓಡಬೇಕು. ವ್ಯತ್ಯಾಸ ಇಷ್ಟೇ, ಆದರೆ ಎಲ್ಲಾ ತೊಂದರೆ ಬರೋದು ಇಲ್ಲಿಂದಲೇ.

ನಮ್ಮ ಗದ್ದೆ ಪೊನ್ನಂಪೇಟೆ ಕಡೆ. ನಮ್ಮಲ್ಲಿರುವುದು ತುಂಬಾ ಹಳೇ ಬೇಲರ್, ಚೌಕ ಪೆಂಡಿ ಮಾಡಿ ಎರಡು ಕಡೆ ತಂತಿಯಲ್ಲಿ ಕಟ್ಟುವಂಥದ್ದು. ಈಗ ಬಾಡಿಗೆಗೆ ಬರುವ ಯಂತ್ರಗಳು ದಾರದವು, ಹಾಗಾಗಿ ತಂತಿಯ ವಿಷಯ ಹೇಳಿಕೊಡುವವರು ಸಿಗೋದು ಕಷ್ಟ. ಹುತ್ತರಿ ಕಳೆದು ಭತ್ತ ಕೊಯ್ದು, ಹುಲ್ಲು ಒಣಗಿದ ಮೇಲೆ ನಮ್ಮ ಕೆಲಸ ಶುರು. ಬೆಳಗಿನ ಮಂಜು ಆರುವ ತನಕ ಹುಲ್ಲು ಕಟ್ಟೋ ಹಾಗಿಲ್ಲ, ಒಳಗೆ ತೇವ ಉಳಿದರೆ ಪೆಂಡಿ ಬಿಸಿಯಾಗಿ ಬೂಸ್ಟು ಹಿಡಿಯುತ್ತೆ. ಅದೇ ಹೊತ್ತಿಗೆ ಕಾಫಿ ಕೊಯ್ಲು ಬೇರೆ, ಆಳು ಸಿಗಲ್ಲ. ಸಿಗುವ ಸ್ವಲ್ಪ ಬಿಸಿಲಲ್ಲಿ ತಂತಿ ಸಿಕ್ಕಿಹಾಕಿಕೊಂಡರೆ ಆ ದಿನ ಹೋದ ಹಾಗೇ.

ತಂತಿ ಹೋಗುವ ದಾರಿ ನೋಡಿದರೆ ವಿಷಯ ಅರ್ಥ ಆಗುತ್ತೆ. ಪೆಟ್ಟಿಗೆಯ ಸುರುಳಿಯಿಂದ ಹೊರಟು, ಸಣ್ಣ ರೋಲರ್‌ಗಳ ಸಂದಿಯಲ್ಲಿ ನುಸುಳಿ, ಸೂಜಿಯ ತುದಿಗೆ ಬರುತ್ತೆ. ಪೆಂಡಿ ತುಂಬಿದ ಕೂಡಲೇ ಸೂಜಿ ಆ ತಂತಿಯನ್ನು ಎತ್ತಿಕೊಂಡು ಹೋಗಿ ಟ್ವಿಸ್ಟರ್‌ಗೆ ಕೊಡುತ್ತೆ, ಟ್ವಿಸ್ಟರ್ ಎರಡು ಎಳೆ ತಿರುಚಿ ಕತ್ತರಿಸುತ್ತೆ. ಈ ದಾರಿಯಲ್ಲಿ ಕೊಕ್ಕೆ ಗಂಟು ಬಂತು ಅಂದರೆ ರೋಲರ್ ಹತ್ತಿರವೇ ನಿಂತುಬಿಡುತ್ತೆ. ಸೂಜಿ ಮಾತ್ರ ನಿಲ್ಲಲ್ಲ, ಅದು ಎಳೆದೇ ಎಳೆಯುತ್ತೆ. ತಂತಿ ಪಟ್ ಅಂತ ತುಂಡಾಗುತ್ತೆ, ಪೆಂಡಿಗೆ ಒಂದೇ ಕಟ್ಟು ಉಳಿದು, ಹೊರಗೆ ಬಂದ ಕೂಡಲೇ ಹುಲ್ಲೆಲ್ಲ ಬಿಚ್ಚಿಕೊಳ್ಳುತ್ತೆ.

ತಂತಿಯೂ ಬೇರೆ. ನಾವು ಹಾಕೋದು 14 ಗೇಜಿನ, ಕಾಯಿಸಿ ಮೆತ್ತಗೆ ಮಾಡಿದ ಕಪ್ಪು ತಂತಿ, ಸುಮಾರು 2 ಮಿಲಿಮೀಟರ್ ದಪ್ಪ. ಸೋಲಾರ್ ಬೇಲಿಯ ತಂತಿ ಉಳಿದಿದೆ ಅಂತ ಅದನ್ನೇ ಹಾಕಲು ಹೋಗಬೇಡಿ, ಅದು ಸ್ಪ್ರಿಂಗ್ ತರ ಬಿಚ್ಚಿಕೊಳ್ಳುತ್ತೆ, ತಿರುಚು ನಿಲ್ಲಲ್ಲ. ಕಂಬಿ ಕಟ್ಟುವ ಬೈಂಡಿಂಗ್ ವೈರ್ ತೀರಾ ಸಣ್ಣ.

ನಾನು ಸೇರಿಸೋದು ಲೈನ್‌ಮನ್‌ಗಳು ಸುತ್ತುವ ರೀತಿಯಲ್ಲಿ. ಟೆಲಿಗ್ರಾಫ್ ಕಾಲದಿಂದ ಇರುವ ಸುತ್ತು ಇದು. ಸುರುಳಿ ಪೂರ್ತಿ ಮುಗಿಯಲು ಬಿಡಲ್ಲ. ಹಿಂದೆ ನಿಂತ ಹುಡುಗ "ಅಣ್ಣಾ, ಬಲಗಡೆದು ಮುಗೀತಾ ಬಂತು" ಅಂತ ಕೂಗಿದ ಕೂಡಲೇ ಪಿಟಿಒ (ಟ್ರ್ಯಾಕ್ಟರ್‌ನಿಂದ ಬೇಲರ್ ತಿರುಗಿಸುವ ಶಾಫ್ಟ್) ಬಿಡಿಸಿ, ಇಂಜಿನ್ ನಿಲ್ಲಿಸಿ, ಚಾವಿ ಜೇಬಿಗೆ ಹಾಕಿಕೊಂಡು ಇಳಿಯುತ್ತೇನೆ. ಪಿಟಿಒ ಬಿಡಿಸಿದರೂ ಬೇಲರ್‌ನ ಭಾರದ ಚಕ್ರ, ಅಂದರೆ ಫ್ಲೈವೀಲ್, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತೆ. ಅದು ಪೂರ್ತಿ ನಿಲ್ಲುವ ತನಕ ಸೂಜಿಯ ಹತ್ತಿರ ಕೈ ಹಾಕಲ್ಲ, ಯಾರಿಗೂ ಹಾಕಲು ಬಿಡಲ್ಲ.

ಹಳೇ ಸುರುಳಿಯ ಬಾಲ ಮತ್ತು ಹೊಸ ಸುರುಳಿಯ ಒಳತುದಿ, ಇವೆರಡನ್ನು ಸೇರಿಸಬೇಕು. ಒಳಗಿನಿಂದ ಎಳೆದರೆ ಮಾತ್ರ ಸುರುಳಿ ಸರಿಯಾಗಿ ಬಿಚ್ಚಿಕೊಳ್ಳುತ್ತೆ. ತುಕ್ಕು ಹಿಡಿದ, ಮಡಚಿದ ತುದಿಯನ್ನು ಮೊದಲು ಕತ್ತರಿಸಿ ಎಸೆಯಿರಿ, ಜಿಪುಣತನ ಬೇಡ. ಎರಡನ್ನೂ ನೆಟ್ಟಗೆ ಮಾಡಿ, ಒಂದು ಗೇಣಿನಷ್ಟು ಅಕ್ಕಪಕ್ಕ ಹಿಡಿದು, ಮಧ್ಯೆ ಒಂದು ಸಲ ಒಂದರ ಮೇಲೊಂದು ಸುತ್ತಿ. ಆಮೇಲೆ ಒಂದು ಬಾಲವನ್ನು ಪ್ಲೇಯರ್‌ನಲ್ಲಿ ಹಿಡಿದು, ಇನ್ನೊಂದು ತಂತಿಗೆ ಅಡ್ಡಲಾಗಿ, ಐದು ಸುತ್ತು. ಸುತ್ತುಗಳ ಮಧ್ಯೆ ಉಗುರೂ ತೂರಬಾರದು. ಇನ್ನೊಂದು ಬಾಲವನ್ನು ಎದುರು ದಿಕ್ಕಿಗೆ ಹಾಗೇ ಸುತ್ತಿ. ಸುತ್ತಿದ ಕಡೆ ದಪ್ಪ 6 ಮಿಲಿಮೀಟರ್ ಆಸುಪಾಸು ಬರುತ್ತೆ, ನಮ್ಮ ರೋಲರ್‌ನಲ್ಲಿ ಅದು ಆರಾಮಾಗಿ ದಾಟುತ್ತೆ. ಕೊಕ್ಕೆ ಗಂಟು ಇದರ ಎರಡರಷ್ಟು ಇರುತ್ತೆ, ಅಲ್ವಾ.

ಜಾಸ್ತಿ ಹೊತ್ತು ಹಿಡಿಯೋದು ತುದಿಗಳಿಗೆ. ಉಳಿದ ಬಾಲವನ್ನು ಬುಡದಲ್ಲೇ ಕತ್ತರಿಸಿ, ಮೊನೆಯನ್ನು ಪ್ಲೇಯರ್‌ನಿಂದ ಒಳಕ್ಕೆ ಒತ್ತಿ ಮಲಗಿಸಬೇಕು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡುವವರಿದ್ದಾರೆ, ನನಗೆ ಅದು ಇಷ್ಟ ಇಲ್ಲ. ಮೆತ್ತಗಿನ ತಂತಿ ಏಟು ಬಿದ್ದಲ್ಲಿ ತೆಳುವಾಗಿ, ಸೂಜಿ ಎಳೆಯುವಾಗ ಅಲ್ಲೇ ಹರಿಯುತ್ತೆ. ಒತ್ತಿದ ಮೇಲೆ ಹಳೇ ಲುಂಗಿ ಚೂರನ್ನು ಗಂಟಿನ ಮೇಲೆ ಹಾಕಿ ಬಿಗಿಯಾಗಿ ಹಿಡಿದು ಆ ಕಡೆ ಈ ಕಡೆ ಎಳೆಯಿರಿ. ಬಟ್ಟೆಯ ಒಂದೇ ಒಂದು ನೂಲು ಸಿಕ್ಕಿದರೂ ಮೊನೆ ಇನ್ನೂ ಎದ್ದಿದೆ ಅಂತ ಅರ್ಥ, ಅರದಲ್ಲಿ ಉಜ್ಜಿ. ಬೆರಳಲ್ಲಿ ನೋಡಬೇಡಿ, ಕುಯ್ಯುತ್ತೆ. ಕೊನೆಗೆ ಕೈಗವಸು ಹಾಕಿ ಎರಡೂ ಕಡೆಯಿಂದ ಜೋರಾಗಿ ಎಳೆದು ನೋಡಬೇಕು, ಸುತ್ತುಗಳು ಇನ್ನಷ್ಟು ಬಿಗಿಯಾಗಿ ಕೂರುತ್ತವೆ.

ಅಷ್ಟಾದ ಮೇಲೂ ನೇರ ಯಂತ್ರ ಓಡಿಸಲ್ಲ. ತಂತಿಯನ್ನು ಕೈಯಲ್ಲೇ ಎಳೆದು ಗಂಟನ್ನು ರೋಲರ್ ದಾಟಿಸುತ್ತೇನೆ. ಗಂಟು ಸರಿಯಾಗಿ ಟ್ವಿಸ್ಟರ್ ಬಾಯಿಗೆ ಬಂದರೆ ಎಷ್ಟು ಚೆನ್ನಾಗಿ ಸುತ್ತಿದ್ದರೂ ಪ್ರಯೋಜನವಿಲ್ಲ, ದಪ್ಪದ ಕಡೆ ತಿರುಚು ಕೂರಲ್ಲ. ಮೂರು ಅಡಿ ಉದ್ದದ ನಮ್ಮ ಪೆಂಡಿಯ ಸುತ್ತ ಒಂದು ಸಲ ಬರಲು ಸುಮಾರು ಎಂಟೂವರೆ ಅಡಿ ತಂತಿ ಬೇಕು. ಗಂಟು ಸೂಜಿಯಿಂದ ಎಷ್ಟು ದೂರ ಇದೆ ಅಂತ ಅಳೆದರೆ ಯಾವ ಪೆಂಡಿಯಲ್ಲಿ, ಎಲ್ಲಿ ಬರುತ್ತೆ ಅಂತ ಅಂದಾಜು ಸಿಗುತ್ತೆ. ತಿರುಚು ಬೀಳುವ ತುದಿಯ ಹತ್ತಿರ ಬರೋ ಹಾಗಿದ್ದರೆ ಒಂದೆರಡು ಅಡಿ ಮುಂದೆ ಎಳೆದುಕೊಳ್ಳುತ್ತೇನೆ, ಅಷ್ಟು ತಂತಿ ದಂಡ ಆದರೂ ಪರವಾಗಿಲ್ಲ.

ಉಳಿದ ಸುರುಳಿಯನ್ನು ಮಳೆಗಾಲದಲ್ಲಿ ಶೆಡ್‌ನಲ್ಲಿ ಬಿಡಬೇಡಿ. ಎಣ್ಣೆ ಸವರಿ, ಗೋಣಿಚೀಲ ಸುತ್ತಿ, ಒಲೆ ಮೇಲಿನ ಅಟ್ಟಕ್ಕೆ ಏರಿಸಿಬಿಡಿ.

ಇನ್ನೊಂದು ವಿಷಯ, ಕತ್ತರಿಸಿದ ಚೂರು. ಗದ್ದೆಯಲ್ಲಿ ಬಿದ್ದ ಅರ್ಧ ಇಂಚಿನ ತುಂಡು ಹುಲ್ಲಿನ ಜೊತೆ ದನದ ಹೊಟ್ಟೆ ಸೇರುತ್ತೆ. ದನ ಹುಲ್ಲನ್ನು ಆರಿಸಿ ತಿನ್ನಲ್ಲ, ಬಾಚಿ ನುಂಗುತ್ತೆ. ತಂತಿ ಹೊಟ್ಟೆಯ ಎರಡನೇ ಚೀಲದಲ್ಲಿ ಕೂರುತ್ತೆ, ಆ ಚೀಲದ ಮುಂದೆಯೇ ಹೃದಯ. ಚುಚ್ಚಿಕೊಂಡು ಅಲ್ಲಿ ತನಕ ಹೋದರೆ ದನ ಉಳಿಯೋದು ಕಷ್ಟ. ಇದಕ್ಕಂತಲೇ ದನಕ್ಕೆ ಅಯಸ್ಕಾಂತ ನುಂಗಿಸುವ ಪದ್ಧತಿಯೂ ಇದೆ. ನಾನು ಸೊಂಟಕ್ಕೆ ಒಂದು ಡಬ್ಬಿ ಕಟ್ಟಿಕೊಂಡೇ ಇಳಿಯೋದು, ಕತ್ತರಿಸಿದ್ದೆಲ್ಲ ಅದಕ್ಕೇ ಹೋಗಬೇಕು.

ಗಂಟು ಬಂದ ಪೆಂಡಿಗೆ ಸುಣ್ಣ ಬಳಿದು ಗುರುತು ಮಾಡಿ, ಬೇರೆ ಇಡುತ್ತೇವೆ. ಕೊಟ್ಟಿಗೆಯಲ್ಲಿ ಬಿಚ್ಚುವವರಿಗೂ ಹೇಳಿರಬೇಕು, ಗಂಟಿನ ಮೇಲೆ ಕತ್ತರಿಸಿದರೆ ಆ ಸುತ್ತುಗಳು ಸಣ್ಣ ಸಣ್ಣ ಬಳೆಗಳಾಗಿ ಹುಲ್ಲಿನೊಳಗೆ ಉದುರುತ್ತವೆ. ಅದನ್ನು ಬಿಟ್ಟು ಬೇರೆ ಕಡೆ ಕತ್ತರಿಸಿ, ಎರಡೂ ತಂತಿ ಇಡಿಯಾಗಿ ಕೈಗೆ ಬಂದ ಮೇಲೆ ಹುಲ್ಲು ಹಾಕಿ.