ವಠಾರದ ರಿಪೇರಿ ಖರ್ಚು ಓನರ್ ಕಂದಾಯಕ್ಕೆ ಏರಿದ್ದು ಹೇಗೆ: ನನ್ನ ಅನುಭವ

ಕಕ್ಕಸಿನ ಪಿಟ್ ತುಂಬಿ ಹರಿಯುವ ವಠಾರವನ್ನು ಬರೀ ದಂಡ ಹಾಕಿ ಸರಿಮಾಡಿದ ಹೆಲ್ತ್ ಇನ್‌ಸ್ಪೆಕ್ಟರ್ ಯಾರಾದರೂ ಇದ್ದರೆ ಹೇಳಿ, ಹೋಗಿ ಕೈಮುಗಿದು ಬರುತ್ತೇನೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ನಗರದ ಮನೆಗಳಲ್ಲಿ ಲಾರ್ವಾ ಬೆಳೆಯಲು ಬಿಟ್ಟರೆ 400 ರೂಪಾಯಿ ದಂಡ ಎಂದಾಗ ನಾವೂ ರಸೀದಿ ಪುಸ್ತಕ ಹಿಡಿದು ಹೊರಟೆವು. ಕಟ್ಟಿದವರು ಯಾರು? ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟುಕೊಂಡ ಬಾಡಿಗೆಯವರು. ನೆಲದೊಳಗಿನ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಮುಚ್ಚಳ ಹಾಕಿಸದ ಓನರ್ ಬೇರೆ ಊರಲ್ಲಿ ಆರಾಮಾಗಿದ್ದ.

ನಮ್ಮದು ಬಯಲುಸೀಮೆಯ ನಗರಸಭೆ. ನಾನು ಕೈಗೆತ್ತಿಕೊಂಡದ್ದು ಹತ್ತು ಹನ್ನೆರಡು ಮನೆಯ ವಠಾರ. ಎಲ್ಲರಿಗೂ ಸೇರಿ ಎರಡು ಕಕ್ಕಸು, ಸಂಪಿನಿಂದ ಆರೇಳು ಅಡಿಗೇ ಪಿಟ್. ಎದುರು ರಸ್ತೆಯಲ್ಲೇ ಯುಜಿಡಿ (ಒಳಚರಂಡಿ) ಲೈನ್ ಇದ್ದರೂ ಕನೆಕ್ಷನ್ ಇಲ್ಲ. ತುಂಬಿದಾಗಲೆಲ್ಲ ಸಕ್ಕಿಂಗ್ ಗಾಡಿಗೆ ಒಂದೂವರೆ ಎರಡು ಸಾವಿರ, ಅದೂ ಬಾಡಿಗೆಯವರೇ ಚಂದಾ ಎತ್ತಿ ಕೊಡಬೇಕು.

ನೋಟಿಸ್‌ಗಳ ಗತಿ ನಿಮಗೆ ಗೊತ್ತೇ ಇದೆ. ಖಾತೆಯಲ್ಲಿದ್ದ ಹೆಸರು ತೀರಿಕೊಂಡ ಅಪ್ಪನದು, ಲಕೋಟೆ ವಾಪಸ್. ಮಗನಿಗೆ ಕಳಿಸಿದರೆ 'ಸ್ವೀಕರಿಸಲು ನಿರಾಕರಣೆ'. ಹಳೇ ಕಡತದ ನೋಟಿಸಿನಲ್ಲಿ ದೂರು ಕೊಟ್ಟ ಹೆಂಗಸಿನ ಹೆಸರು ಉಲ್ಲೇಖವಾಗಿತ್ತು. ಆಕೆಗೆ ಓನರ್ ಕಡೆಯವರು ಮನೆ ಖಾಲಿ ಮಾಡಲು ಹೇಳಿದ್ದರು. ಅದಕ್ಕೇ ಈ ಸಲ ದೂರು ಅಂತಲೇ ಬರೆಯಲಿಲ್ಲ, ವಾರ್ಡ್ ಸರ್ವೆಯಲ್ಲಿ ಕಂಡದ್ದು ಎಂದೇ ಟಿಪ್ಪಣಿ ಎಬ್ಬಿಸಿದೆ. ನೋಟಿಸನ್ನು ಬಾಗಿಲಿಗೆ ಅಂಟಿಸಿ, ಪಂಚರ ಸಹಿ ಹಾಕಿಸಿ ಮಹಜರು.

ಪಿಟ್ ನೀರು ಸಂಪಿಗೆ ಇಳಿಯುತ್ತಿದೆ ಎಂದು ತೋರಿಸಬೇಕಲ್ಲ. ಮೊದಲು ಕಕ್ಕಸಿಗೆ ಹೋಳಿ ಬಣ್ಣ ಸುರಿದು ನೋಡಿದೆ. ಬಣ್ಣವೆಲ್ಲ ಮಣ್ಣೇ ಕುಡಿಯಿತು, ಸಂಪಿನಲ್ಲಿ ಒಂದು ಎಳೆಯೂ ಕಾಣಲಿಲ್ಲ. ಆಮೇಲೆ ಎಚ್‌2ಎಸ್ ಬಾಟಲಿ, ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರಿದ್ದರೆ ಕಪ್ಪಾಗುವಂಥದ್ದು. ಒಂದಕ್ಕೆ ಸಂಪಿನ ನೀರು, ಇನ್ನೊಂದಕ್ಕೆ ಬೀದಿ ನಲ್ಲಿಯದು. ಮರುದಿನ ಸಂಜೆಗೆ ಸಂಪಿನದು ಡಾಂಬರಿನ ಹಾಗೆ ಕಪ್ಪು, ನಲ್ಲಿಯದು ಹಾಕಿದ ಹಾಗೇ ಇತ್ತು. ಎರಡನ್ನೂ ಪೌರಾಯುಕ್ತರ ಮೇಜಿನ ಮೇಲೆ ಇಟ್ಟೆ. ಮೂಗು ಮುಚ್ಚಿಕೊಂಡೇ ಕಡತಕ್ಕೆ ಸಹಿ ಹಾಕಿದರು. (ಸಂಪಿಗೆ ಗಪ್ಪಿ ಮೀನು ಬಿಟ್ಟದ್ದೂ ಉಂಟು. ಲಾರ್ವಾ ಇಳಿಯಿತು, ಆದರೆ ವಠಾರದ ಹುಡುಗರು ಒಂದೊಂದಾಗಿ ಮೀನನ್ನೆಲ್ಲ ಬಾಟಲಿಗೆ ತುಂಬಿಕೊಂಡರು.)

ಓನರ್ ಮಾಡದಿದ್ದರೆ ನಗರಸಭೆಯೇ ಮಾಡಿಸಿ ಖರ್ಚು ವಸೂಲಿ ಮಾಡುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಲ್ಲೇ ಇದೆ. ಯಾರೂ ಅದರ ತಂಟೆಗೆ ಹೋಗುವುದಿಲ್ಲ, ಮೊದಲು ಕಾಸು ಹಾಕಬೇಕಾದವರು ನಾವು. ಲೆಕ್ಕ ಶಾಖೆಯವರು 'ಖಾಸಗಿ ಜಾಗಕ್ಕೆ ಸರ್ಕಾರಿ ದುಡ್ಡಾ? ಆಡಿಟ್‌ನಲ್ಲಿ ನಿಮ್ಮ ಸಂಬಳದಿಂದಲೇ ಹಿಡಿಯುತ್ತಾರೆ ನೋಡಿ' ಎಂದು ನಕ್ಕರು. ದುಡ್ಡಿಲ್ಲ ಎಂಬ ನೆಪ ನಗರಸಭೆಗೆ ಸಲ್ಲದು ಎಂದ ಸುಪ್ರೀಂ ಕೋರ್ಟಿನ 1980ರ ರತ್ಲಾಂ ತೀರ್ಪನ್ನು ಟಿಪ್ಪಣಿಗೆ ಲಗತ್ತಿಸಿದೆ. ಅದನ್ನು ಅವರು ಓದಿದರೋ ಇಲ್ಲವೋ, ಕಡತವಂತೂ ಮುಂದೆ ಸರಿಯಿತು.

ಯುಜಿಡಿ ಕನೆಕ್ಷನ್, ಚೇಂಬರ್, ಪಿಟ್ ಮುಚ್ಚುವುದು, ಸಂಪಿನ ಒಳಗೋಡೆ, ಮುಚ್ಚಳ ಎಲ್ಲ ಸೇರಿ ಎಂಬತ್ತು ಎಂಬತ್ತೈದು ಸಾವಿರ. ಬಿಲ್ಲಿಗಾಗಿ ಅಲೆದು ಸಾಕಾಗಿದ್ದ ಕಂಟ್ರಾಕ್ಟರುಗಳು ಒಲ್ಲೆ ಅಂದರು. ಕೊನೆಗೆ ಒಬ್ಬ ಪ್ಲಂಬರ್ ತುಂಡು ಗುತ್ತಿಗೆಗೆ ಒಪ್ಪಿದ. ಅವನ ಬಿಲ್ ಒಂದೇ ತಿಂಗಳಲ್ಲಿ ಪಾಸಾಯಿತು. ಹೇಗೆ ಅಂತ ಮಾತ್ರ ಕೇಳಬೇಡಿ.

ಇನ್ನು ವಸೂಲಿ. ಆಸ್ತಿ ತೆರಿಗೆಗೆ 5% ರಿಯಾಯಿತಿ ಏಪ್ರಿಲ್‌ನಲ್ಲಿ ತಾನೇ? ಓನರ್ ಕಟ್ಟಲು ಬರುವುದೂ ಆಗಲೇ. ಮಾರ್ಚ್ ಮುಗಿಯುವುದರೊಳಗೆ ಈ ಮೊತ್ತ ಆ ಸ್ವತ್ತಿನ ಬಾಕಿಯಲ್ಲಿ ಕೂತಿರುವಂತೆ ನೋಡಿಕೊಂಡೆ. ಕಂದಾಯ ಶಾಖೆಯವರನ್ನು ಒಪ್ಪಿಸಿದ ಬಗೆಯೂ ನನ್ನ ಹತ್ತಿರವೇ ಇರಲಿ. ಓನರ್‌ಗೆ ಬ್ಯಾಂಕ್ ಸಾಲಕ್ಕೆ ಇ-ಖಾತೆ ಬೇಕಿತ್ತು, ಬಾಕಿ ಇಟ್ಟುಕೊಂಡು ಅದು ಸಿಗುವ ಹಾಗಿರಲಿಲ್ಲ. ಕೌಂಟರ್ ಎದುರು ಒಂದು ಗಂಟೆ ಕೂಗಾಡಿದ, ಕೋರ್ಟು ಅಂದ, ಎಂಎಲ್‌ಎ ಅಂದ. ವಾರ ಕಳೆಯುವುದರೊಳಗೆ ಪೂರ್ತಿ ಕಟ್ಟಿದ. ಆ ಸುದ್ದಿ ಹಬ್ಬಿ ಅದೇ ವಾರ್ಡಿನ ಮೂರ್ನಾಲ್ಕು ಓನರ್‌ಗಳು ತಾವಾಗಿಯೇ ಯುಜಿಡಿ ಅರ್ಜಿ ಹಿಡಿದು ಬಂದರು. ನಕ್ಕಿದ್ದ ಲೆಕ್ಕ ಶಾಖೆಯವರು ಈಗ ಕಡತದ ಜೆರಾಕ್ಸ್ ಕೇಳುತ್ತಿದ್ದಾರೆ.

ಬಾಡಿಗೆ ಮಾತ್ರ ಮನೆಗೆ ಇನ್ನೂರು ಮುನ್ನೂರು ಏರಿತು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಸಕ್ಕಿಂಗ್ ಗಾಡಿಯ ಚಂದಾ ಉಳಿಯಿತಲ್ಲ ಸಾರ್ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ನೀವೂ ಮಾಡುವುದಾದರೆ ಎಸ್ಟಿಮೇಟನ್ನು ಡಿಸೆಂಬರ್‌ನಲ್ಲೇ ಹಾಕಿಸಿ. ಫೆಬ್ರವರಿ ಬಂತೆಂದರೆ ಜೆಇ (ಜೂನಿಯರ್ ಎಂಜಿನಿಯರ್) ಕೈಗೆ ಸಿಗುವುದಿಲ್ಲ.