ಜಪಾನಿನ ಕಡಲಲ್ಲಿ ಮೀನು ಹಿಡಿದು ತಿನ್ನಬೇಕಾ? ಹೀಗೆ ಮಾಡಿ

ಕಾವೇರಿ ದಡದಲ್ಲಿ ಗಾಳ ಹಾಕಿ ಬೆಳೆದ ನಮ್ಮಂಥ ಕೊಡಗಿನವರು ಜಪಾನಿಗೆ ಹೋದರೆ ಒಂದು ದಿನ ಕಡಲಿಗೆ ಮೀಸಲಿಡಲೇಬೇಕು.

ಮೊದಲ ಸಲಕ್ಕೆ 'ಅಜಿ' (ಹಾರ್ಸ್ ಮ್ಯಾಕರೆಲ್ ಎಂಬ ಕಡಲ ಮೀನು) ಹಿಡಿಯುವ ಅರ್ಧ ದಿನದ ದೋಣಿ ಸಾಕು. ಯೊಕೊಹಾಮಾದ ಕನಜಾವಾ ಹಕ್ಕೇಯಿಂದ ಇಂಥ ದೋಣಿಗಳು ಹೊರಡುತ್ತವೆ. ಗಾಳದ ಕೋಲು ಬಾಡಿಗೆಗೆ ಸಿಗುತ್ತದೆ. ಲೈಫ್ ಜಾಕೆಟ್ ಕಡ್ಡಾಯ. ನದಿ ಮಾತ್ರ ಕಂಡವರಿಗೆ ಅಲೆ ಬೇಗ ತಲೆ ತಿರುಗಿಸುತ್ತದೆ, ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ.

ಇನ್ನು ಮುಖ್ಯ ವಿಷಯ. ಸೀಸದ ಗುಂಡು ತಳ ಮುಟ್ಟಲಿ. ಒಂದು ಮೀಟರ್ ದಾರ ಸುತ್ತಿ, ಕೋಲು ಕುಲುಕಿ. ಗುಂಡಿನ ಜೊತೆಗಿರುವ ಪುಟ್ಟ ಪಂಜರದಲ್ಲಿ ಎರೆಯಾಗಿ ತುಂಬಿದ ಕೊಚ್ಚಿದ ಮೀನು ಚೆದುರುತ್ತದೆ. ಇನ್ನೊಂದು ಮೀಟರ್ ಸುತ್ತಿ ಕಾಯಿರಿ. ಕೋಲಿನ ತುದಿ ನಡುಗಿದರೆ ನದಿಯಲ್ಲಿ ಮಾಡುವಂತೆ ಜೋರಾಗಿ ಎಳೀಬೇಡಿ. ಅಜಿಯ ಬಾಯಿ ತುಂಬಾ ಮೆತ್ತಗೆ, ಹರಿದುಹೋಗುತ್ತದೆ. ಒಂದೇ ಸಮ ನಿಧಾನಕ್ಕೆ ಸುತ್ತಿ. ಹಿಡಿದ ಕೂಡಲೇ ರಕ್ತ ಬಸಿದು, ಕಡಲ ನೀರು ಬೆರೆಸಿದ ಐಸಿನಲ್ಲಿಡಿ.

ಅಡುಗೆಯನ್ನು ದೋಣಿಯವರೇ ಮಾಡಿಕೊಡುತ್ತಾರೆ ಅಂದುಕೊಳ್ಳಬೇಡಿ. ನಾವು ತಂದ ಮೀನು ಬೇಯಿಸಿಕೊಡುವ ಹೋಟೆಲುಗಳು ಕೆಲವು ಇವೆ, ಮೊದಲೇ ಕೇಳಿಡಿ. ಹಸಿಯಾಗಿ ತಿನ್ನುವ ಆಸೆಯಿದ್ದರೆ ಎಚ್ಚರ: ಅಜಿಯಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಕಾಚಂಪುಳಿಯೋ ನಿಂಬೆಯೋ ಹಾಕಿದರೆ ಅದು ಸಾಯುವುದಿಲ್ಲ. ಚೆನ್ನಾಗಿ ಬೇಯಿಸಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಡಬೇಕು. 'ಫುಗು' (ಮೈ ಉಬ್ಬಿಸುವ ಪಫರ್ ಮೀನು) ಸಿಕ್ಕರೆ ಮುಟ್ಟದೆ ದೋಣಿಯವರಿಗೆ ತೋರಿಸಿ, ಅದರ ವಿಷ ಜೀವ ತೆಗೆಯುತ್ತದೆ.

ಅಡುಗೆಮನೆ ಇರುವ ರೂಮು ಸಿಕ್ಕರೆ ನೀವೇ ಹುರಿಯಿರಿ. ಬಾಲದ ಪಕ್ಕದ ಗಡಸು ಮುಳ್ಳಿನ ಸಾಲನ್ನು ಮೊದಲು ಕೊಯ್ದು ತೆಗೆಯಿರಿ. ಖಾರದಪುಡಿ, ಅರಿಶಿನ, ಉಪ್ಪು, ಮನೆಯಿಂದ ತಂದ ನಾಲ್ಕು ಹನಿ ಕಾಚಂಪುಳಿ, ಅಷ್ಟೇ ಸಾಕು.